ಒಂದಗುಳು ಸಾಕು, ರೈಸ್ ಕುಕ್ಕರ್ ಕೆಡಲು

ಒಂದೇ ಸ್ವಿಚ್ಚಿನ ಸಾದಾ ಎಲೆಕ್ಟ್ರಿಕ್ ರೈಸ್ ಕುಕ್ಕರ್ ವರ್ಷಗಟ್ಟಲೆ ಬಾಳುವ ವಸ್ತು. ಅನ್ನ ಅರೆಬೆಂದಿರುವಾಗಲೇ ಸ್ವಿಚ್ ಮೇಲೇಳುತ್ತಿದೆ, ಇಲ್ಲವೇ ಏಳದೆ ತಳ ಸೀಯುತ್ತಿದೆ ಎಂದರೆ ರಿಪೇರಿ ಅಂಗಡಿಗೆ ಹೊರಡುವ ಮೊದಲು ಪಾತ್ರೆ ಎತ್ತಿ ಒಳಗೆ ನೋಡಿ.

ಬಿಸಿಯಾಗುವ ತಟ್ಟೆಯ ನಡುವೆ ಒತ್ತಿದರೆ ಕುಸಿದು ಮತ್ತೆ ಮೇಲೇಳುವ ಗುಂಡಿಯೊಂದಿದೆ. ಅದರೊಳಗಿರುವುದು ಸ್ಪ್ರಿಂಗು ಮತ್ತು ಅಯಸ್ಕಾಂತ. ನೀರಿರುವಷ್ಟು ಹೊತ್ತು ಪಾತ್ರೆಯ ಬಿಸಿ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ನಿಲ್ಲುತ್ತದೆ. ಅಕ್ಕಿ ನೀರನ್ನೆಲ್ಲ ಹೀರಿದ ಮೇಲೆ ಬಿಸಿ ಏರಿ, ಅಯಸ್ಕಾಂತದ ಹಿಡಿತ ಸಡಿಲವಾಗಿ, ಸ್ಪ್ರಿಂಗು ಸ್ವಿಚ್ಚನ್ನು ‘ಟಕ್’ ಎಂದು ಮೇಲೆ ತಳ್ಳುತ್ತದೆ. ತಳದಡಿ ಒಣಗಿದ ಅಗುಳು ಸಿಕ್ಕಿಕೊಂಡರೆ ಪಾತ್ರೆ ವಾಲುತ್ತದೆ. ಶಾಖ ಪಾತ್ರೆಗೆ ಸರಿಯಾಗಿ ಹೋಗದೆ ತಟ್ಟೆಯೇ ಕಾಯುತ್ತದೆ, ಸ್ವಿಚ್ ಬೇಗ ಏಳುತ್ತದೆ. ಗುಂಡಿಯ ಸುತ್ತ ಗಂಜಿ ಗಟ್ಟಿಯಾಗಿದ್ದರೆ ಅದು ಸರಾಗವಾಗಿ ಆಡುವುದಿಲ್ಲ. ಆಗ ತಳ ಸೀಯುತ್ತದೆ.

ಆದ್ದರಿಂದ ಅಕ್ಕಿಯನ್ನು ಬೇರೆ ಪಾತ್ರೆಯಲ್ಲಿ ತೊಳೆಯಿರಿ. ಕುಕ್ಕರಿನ ಪಾತ್ರೆ ಸಿಂಕಿಗೆ ಬಡಿದು ನೆಗ್ಗಿದರೆ ತಳ ತಟ್ಟೆಗೆ ಸರಿಯಾಗಿ ಕೂರದು. ನೀರು ಹಳೆಯ ಸೋನಾ ಮಸೂರಿಯಾದರೆ ಲೋಟಕ್ಕೆ ಎರಡೂವರೆ ಲೋಟ, ಹೊಸ ಅಕ್ಕಿಯಾದರೆ ಎರಡು. ಹೊರತಳವನ್ನು ಒಣಬಟ್ಟೆಯಿಂದ ಒರೆಸಿ, ಪಾತ್ರೆಯನ್ನು ಒಳಗಿಟ್ಟು ಎಡಕ್ಕೆ ಬಲಕ್ಕೆ ಒಮ್ಮೆ ತಿರುಗಿಸಿ ಕೂರಿಸಿ. ಇದಕ್ಕೆ ಹಿಡಿಯುವುದು ಎರಡೇ ಕ್ಷಣ, ಆದರೂ ಹೆಚ್ಚಿನವರು ಬಿಡುವುದು ಇದನ್ನೇ. ಗಂಜಿ ಉಕ್ಕುತ್ತಿದ್ದರೆ ಅಕ್ಕಿಯನ್ನು ಇನ್ನೊಂದು ಸಲ ತೊಳೆದು, ಅರ್ಧ ಚಮಚ ಎಣ್ಣೆ ಬಿಡಿ. ಸ್ವಿಚ್ ಎದ್ದ ಮೇಲೆ ಹತ್ತು ನಿಮಿಷ ಮುಚ್ಚಳ ತೆಗೆಯದಿದ್ದರೆ ಅನ್ನ ಚೆನ್ನಾಗಿ ಅರಳುತ್ತದೆ. ಎದ್ದ ಸ್ವಿಚ್ಚನ್ನು ಬಲವಂತವಾಗಿ ಒತ್ತಿ ಹಿಡಿಯಬೇಡಿ.

ತಿಂಗಳಿಗೊಮ್ಮೆ ಪ್ಲಗ್ ಕಿತ್ತು, ಪೂರ್ತಿ ಆರಿದ ಮೇಲೆ ತಟ್ಟೆಯನ್ನು ಚೆನ್ನಾಗಿ ಹಿಂಡಿದ ಒದ್ದೆಬಟ್ಟೆಯಿಂದ ಒರೆಸಿ. ಸೀದು ಅಂಟಿದ ಅಗುಳಿನ ಮೇಲೆ ಅದೇ ಬಟ್ಟೆಯನ್ನು ಅರ್ಧ ಗಂಟೆ ಹಾಕಿಟ್ಟರೆ ಮೆತ್ತಗಾಗುತ್ತದೆ. ಆಗಲೂ ಬಿಡದಿದ್ದರೆ ನಯವಾದ ಸ್ಯಾಂಡ್‌ಪೇಪರಿನಿಂದ ಹಗುರವಾಗಿ ಉಜ್ಜಿ. ಚಾಕು ಬೇಡ, ಗೀರು ಬೀಳುತ್ತದೆ. ಗುಂಡಿಯನ್ನು ನಾಲ್ಕೈದು ಸಲ ಒತ್ತಿ ಬಿಡಿ, ತಡೆಯಿಲ್ಲದೆ ಏಳಬೇಕು. ಕುಕ್ಕರಿನ ಹೊರಮೈಯನ್ನು ನಲ್ಲಿಯ ಕೆಳಗೆ ಹಿಡಿಯಲೇಬಾರದು.

ಬೋರ್‌ವೆಲ್ ನೀರಿನಿಂದ ಅಲ್ಯೂಮಿನಿಯಂ ಪಾತ್ರೆಯೊಳಗೆ ಬಿಳಿಪೊರೆ ಕಟ್ಟಿದರೆ, ನೀರಿಗೆ ನಿಂಬೆಸಿಪ್ಪೆ ಹಾಕಿ ಹತ್ತು ನಿಮಿಷ ಕುದಿಸಿ ತೊಳೆಯಿರಿ. ಹುಳಿಯನ್ನ, ಚಿತ್ರಾನ್ನವನ್ನು ಅದರಲ್ಲೇ ರಾತ್ರಿಯಿಡೀ ಬಿಡಬೇಡಿ. ಹುಳಿ, ಉಪ್ಪು ಲೋಹವನ್ನು ತಿನ್ನುತ್ತವೆ. ಪಾತ್ರೆಯನ್ನು ಸಮತಟ್ಟಾದ ಕಲ್ಲಿನ ಮೇಲಿಟ್ಟಾಗ ಅಲ್ಲಾಡಿದರೆ ಅದೇ ಮಾದರಿಯ ಹೊಸ ಪಾತ್ರೆಯನ್ನಷ್ಟೇ ತನ್ನಿ, ಇಡೀ ಕುಕ್ಕರ್ ಬದಲಿಸಬೇಕಿಲ್ಲ.

ದೀಪವೇ ಹತ್ತದಿದ್ದರೆ ಮೊದಲು ವೈರು ನೋಡಿ. ಕುಕ್ಕರಿಗೆ ಸಿಕ್ಕಿಸುವ ತುದಿ ಸಡಿಲವಾಗಿ ಕಪ್ಪಾಗಿದ್ದರೆ ಹೊಸ ವೈರು ಹಾಕಿ. ಅದು ಸರಿಯಿದ್ದರೆ, ಬಿಸಿ ಮಿತಿಮೀರಿದಾಗ ಕರೆಂಟ್ ಕಡಿಯುವ ಒಳಗಿನ ಥರ್ಮಲ್ ಫ್ಯೂಸ್ ಹೋಗಿರಬಹುದು. ರಿಪೇರಿಯವರ ಹತ್ತಿರ ಅದೇ ಆಂಪಿಯರ್, ಅದೇ ಡಿಗ್ರಿಯ ಫ್ಯೂಸನ್ನೇ ಕೇಳಿ ಹಾಕಿಸಿ. ಫ್ಯೂಸ್ ತೆಗೆದು ಬರೀ ತಂತಿ ಬೆಸೆದು ಕೊಟ್ಟರೆ ಕುಕ್ಕರ್ ನಡೆಯುತ್ತದೆ, ಆದರೆ ಸ್ವಿಚ್ ಕಚ್ಚಿಕೊಂಡ ದಿನ ಬೆಂಕಿಯನ್ನು ತಡೆಯುವುದು ಯಾವುದೂ ಇರುವುದಿಲ್ಲ.