ಲೆಟ್ರೊಜೋಲ್ ನುಂಗುವ ವರ್ಷಗಳಲ್ಲಿ ಮೂಳೆ ಕಾಪಾಡಿಕೊಳ್ಳುವುದು

ಹಾರ್ಮೋನಿಗೆ ಸ್ಪಂದಿಸುವ ಸ್ತನ ಕ್ಯಾನ್ಸರಿಗೆ ಆಪರೇಷನ್, ಕೀಮೋ, ರೇಡಿಯೇಶನ್ ಮುಗಿದ ಮೇಲೆ, ಮುಟ್ಟು ನಿಂತವರಿಗೆ ಲೆಟ್ರೊಜೋಲ್ 2.5 ಮಿ.ಗ್ರಾಂ ಅಥವಾ ಅನಾಸ್ಟ್ರೊಜೋಲ್ 1 ಮಿ.ಗ್ರಾಂ ಮಾತ್ರೆಯನ್ನು ಕನಿಷ್ಠ 5 ವರ್ಷ ಕೊಡುವುದು ರೂಢಿ. ಮೈಯಲ್ಲಿ ಉಳಿದಿರುವ ಈಸ್ಟ್ರೊಜನ್ನನ್ನು ಇವು ಬಹುಪಾಲು ಇಳಿಸುತ್ತವೆ. ಮೂಳೆಗೆ ಆಸರೆಯಾಗಿರುವುದೂ ಅದೇ ಹಾರ್ಮೋನು. ಸವೆತಕ್ಕೆ ನೋವಿಲ್ಲ, ಎಷ್ಟೋ ಸಲ ಗೊತ್ತಾಗುವುದೇ ಮೂಳೆ ಮುರಿದಾಗ.

ಆದ್ದರಿಂದ ಮಾತ್ರೆ ಶುರುವಾಗುವಾಗಲೇ ಒಂದು ಡೆಕ್ಸಾ ಸ್ಕ್ಯಾನ್ (ಮೂಳೆಯ ಸಾಂದ್ರತೆ ಅಳೆಯುವ ಪರೀಕ್ಷೆ) ಮಾಡಿಸಿ, ಆಮೇಲೆ 1–2 ವರ್ಷಕ್ಕೊಮ್ಮೆ. ಆದಷ್ಟೂ ಅದೇ ಯಂತ್ರದಲ್ಲೇ ಮಾಡಿಸಿ, ಯಂತ್ರ ಬದಲಾದರೆ ಅಂಕಿಗಳನ್ನು ಹೋಲಿಸುವುದು ಕಷ್ಟ. ಅದರ ವರದಿಯಲ್ಲಿ ಟಿ-ಸ್ಕೋರ್ ಎಂಬ ಅಂಕಿ −1ರಿಂದ −2.5ರ ನಡುವೆ ಇದ್ದರೆ ಮೂಳೆ ತೆಳುವಾಗಿದೆ, −2.5 ಅಥವಾ ಅದಕ್ಕೂ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಸುಲಭವಾಗಿ ಮುರಿಯುವಷ್ಟು ಸವೆದಿದೆ.

ದಿನಕ್ಕೆ ಊಟ, ಮಾತ್ರೆ ಎಲ್ಲ ಸೇರಿ 1000–1200 ಮಿ.ಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 350, ದೊಡ್ಡ ಲೋಟ ಹಾಲಿನಲ್ಲಿ ಸುಮಾರು 300 ಮಿ.ಗ್ರಾಂ ಇರುತ್ತದೆ. ಕ್ಯಾಲ್ಸಿಯಂ ಕಾರ್ಬೊನೇಟ್ ಮಾತ್ರೆಯನ್ನು ಊಟದ ಜೊತೆಗೇ ನುಂಗಬೇಕು, ಒಂದು ಹೊತ್ತಿಗೆ 500 ಮಿ.ಗ್ರಾಂ ಸಾಕು. ಥೈರಾಯ್ಡ್ ಮಾತ್ರೆಗೂ ಅದಕ್ಕೂ 4 ಗಂಟೆ ಅಂತರವಿರಲಿ. 60,000 ಯೂನಿಟ್‌ನ ವಿಟಮಿನ್ ಡಿ ಪುಡಿಯನ್ನು ವಾರಕ್ಕೊಂದು ಎಂದು ಬರೆದುಕೊಟ್ಟಿದ್ದರೆ ವಾರಕ್ಕೊಂದೇ. ದಿನಾ ಕುಡಿಯುತ್ತಾ ಹೋದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಪೆಟ್ಟು ಬೀಳುತ್ತದೆ.

ಹೆಚ್ಚು ಎಡವಟ್ಟಾಗುವುದು ಮೂಳೆ ಸವೆತ ತಡೆಯುವ ಇಂಜೆಕ್ಷನ್ನಿನ ವಿಷಯದಲ್ಲಿ. ಜೊಲೆಡ್ರೊನಿಕ್ ಆಸಿಡ್ 4 ಮಿ.ಗ್ರಾಂ ಅನ್ನು 6 ತಿಂಗಳಿಗೊಮ್ಮೆ ಡ್ರಿಪ್‌ನಲ್ಲಿ, 15 ನಿಮಿಷಕ್ಕೆ ಕಡಿಮೆಯಿಲ್ಲದಂತೆ ಕೊಡುತ್ತಾರೆ. ಪ್ರತಿ ಸಲವೂ ಮೊದಲು ರಕ್ತದಲ್ಲಿ ಕ್ರಿಯೇಟಿನಿನ್ (ಕಿಡ್ನಿ ಹೇಗಿದೆ ಎಂದು ತಿಳಿಸುವ ಅಂಕಿ), ಕ್ಯಾಲ್ಸಿಯಂ ನೋಡಿಸಿ. ಮರುದಿನ ಜ್ವರ, ಮೈಕೈ ನೋವು ಬಂದರೆ ಹೆದರಬೇಡಿ, ಸಾಮಾನ್ಯವಾಗಿ ಮೂರು ದಿನದೊಳಗೆ ಇಳಿಯುತ್ತದೆ. ಡೆನೊಸುಮ್ಯಾಬ್ 60 ಮಿ.ಗ್ರಾಂ ಚರ್ಮದಡಿಯ ಚುಚ್ಚುಮದ್ದು, ಅದೂ 6 ತಿಂಗಳಿಗೊಮ್ಮೆ. ಆದರೆ ಇದರ ತಾರೀಖು ತಪ್ಪಲೇಬಾರದು. ಔಷಧದ ಪ್ರಭಾವ ಇಳಿದೊಡನೆ, ಅದುಮಿಟ್ಟಿದ್ದ ಸವೆತ ದುಪ್ಪಟ್ಟು ವೇಗದಲ್ಲಿ ತಿರುಗಿಬಿದ್ದು, ಬೆನ್ನುಮೂಳೆಯ ಒಂದಕ್ಕಿಂತ ಹೆಚ್ಚು ಕಡೆ ಕುಸಿಯಬಹುದು. ಹಬ್ಬ, ಮದುವೆ, ಊರಿನ ಪ್ರಯಾಣ ಎಂದು ಮುಂದೂಡಬೇಡಿ. ನಿಲ್ಲಿಸುವುದಾದರೆ ಬದಲಿ ಔಷಧ ಯಾವುದೆಂದು ಮೊದಲೇ ಕೇಳಿಕೊಳ್ಳಿ.

ಎರಡರಲ್ಲಿ ಯಾವುದೇ ಆದರೂ ಮೊದಲು ದಂತವೈದ್ಯರನ್ನು ಕಾಣಿ. ಕೀಳಬೇಕಾದ ಹಲ್ಲಿದ್ದರೆ ಮುಂಚೆಯೇ ಕೀಳಿಸಿ ಗಾಯ ಮಾಯಲು ಬಿಡಿ. ಆಮೇಲೆ ಕಿತ್ತರೆ ದವಡೆ ಮೂಳೆ ಕೊಳೆಯುವ ಅಪಾಯವಿದೆ, ಅಪರೂಪಕ್ಕಾದರೂ.

ದಿನಾ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಬಚ್ಚಲಿನಲ್ಲಿ ಹಿಡಿಕೆ ಹಾಕಿಸಿ, ಪಾಚಿ ತಿಕ್ಕಿಸಿ.

ಮೊದಲ 3 ವರ್ಷ 3–6 ತಿಂಗಳಿಗೊಮ್ಮೆ ವೈದ್ಯರ ತಪಾಸಣೆ, ಉಳಿದ ಸ್ತನಕ್ಕೆ ವರ್ಷಕ್ಕೊಂದು ಮ್ಯಾಮೊಗ್ರಾಂ. ಬೆಳಿಗ್ಗೆ ಎದ್ದಾಗ ಬೆರಳು, ಮಂಡಿ ಬಿಗಿದು ಓಡಾಡಿದ ಮೇಲೆ ಸಡಿಲವಾದರೆ ಅದು ಹೆಚ್ಚಾಗಿ ಲೆಟ್ರೊಜೋಲ್ ಅಥವಾ ಅನಾಸ್ಟ್ರೊಜೋಲ್ ಮಾತ್ರೆಯ ಪರಿಣಾಮ. ನೀವಾಗಿಯೇ ಮಾತ್ರೆ ಬಿಡದೆ ವೈದ್ಯರಿಗೆ ತಿಳಿಸಿ. ಒಂದೇ ಜಾಗದಲ್ಲಿ, ರಾತ್ರಿ ಮಲಗಿದರೂ ಬಿಡದ ನೋವು ಎರಡು ವಾರ ದಾಟಿದರೆ ವಯಸ್ಸಾಯಿತೆಂದು ಎಣ್ಣೆ ತಿಕ್ಕುತ್ತಾ ಕೂರಬೇಡಿ. ಬೆನ್ನುನೋವಿನ ಜೊತೆ ಕಾಲಿನ ಬಲ ಕುಗ್ಗಿದರೆ, ಮೂತ್ರ ಕಟ್ಟಿದರೆ ಬೆನ್ನುಹುರಿ ಒತ್ತಿರಬಹುದು. ಅವತ್ತೇ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಿ.