ಅರ್ಬಾನಾಕ್ಕೆ ಹೊಸದಾಗಿ ಬಂದವರಿಗೆ: ಕ್ರಾನರ್ಟ್ ಒಳಗೆ ಹೋಗಲು ಆರು ವರ್ಷ ಕಾಯಬೇಡಿ

ಅಮೆರಿಕದ ಇಲಿನಾಯ್ ರಾಜ್ಯದ ಅವಳಿ ಊರು ಅರ್ಬಾನಾ-ಶಾಂಪೇನ್‌ಗೆ ಹೊಸದಾಗಿ ಬಂದವರು ಮೊದಲು ಕೇಳುವುದು ಕರಿಬೇವು ಎಲ್ಲಿ ಸಿಗುತ್ತೆ ಅಂತ. ಆಮೇಲೆ ಸೋಷಿಯಲ್ ಸೆಕ್ಯೂರಿಟಿ ನಂಬರು, ಬ್ಯಾಂಕು, ಡ್ರೈವಿಂಗ್ ಲೈಸೆನ್ಸು. ಅವಕ್ಕೆಲ್ಲ ಕೇಳಿದ ಕಾಗದ ಕೇಳಿದ ದಿನ ಕೊಡಿ, ಮುಗೀತು. ನಾನು ಹೇಳಲು ಹೊರಟಿರುವುದು ಯಾರೂ ಕೇಳದ ವಿಷಯ. ಗುಡ್ವಿನ್ ಅವೆನ್ಯೂ ಪಕ್ಕದಲ್ಲಿ ಇಟ್ಟಿಗೆಯ ದೊಡ್ಡ ಕಟ್ಟಡ ಇದೆಯಲ್ಲ, ಕೋಟೆ ಥರ, ಅದರ ಬಗ್ಗೆ.

ಅದು ಕ್ರಾನರ್ಟ್ ಸೆಂಟರ್. ಇಲಿನಾಯ್ ಯೂನಿವರ್ಸಿಟಿಯ ರಂಗಮಂದಿರ ಅನ್ನಬಹುದು, ಆದರೆ ಒಂದಲ್ಲ, ಒಂದೇ ಸೂರಿನಡಿ ನಾಲ್ಕು. ನಾನು ಆರು ವರ್ಷ ಅದರ ಮುಂದೆಯೇ ನಡೆದು ಹೋಗಿದ್ದೇನೆ. ಜನವರಿಯಲ್ಲಿ ಮೂಗು ಮರಗಟ್ಟುವ ಚಳಿಯಲ್ಲಿ, ತಳ್ಳುಗಾಡಿಯಲ್ಲಿ ಮಗು ಕೂರಿಸಿಕೊಂಡು, ಬಸ್ಸಿಗೆ ಕಾಯುತ್ತಾ. ಒಳಗೆ ಬೆಚ್ಚಗಿನ ಲಾಬಿ ಇತ್ತು, ಕೂರಲು ಜಾಗ ಇತ್ತು, ಕಾಫಿ ಇತ್ತು. ಟಿಕೆಟ್ ಇಲ್ಲದವರೂ ಹಗಲು ಹೊತ್ತು ಒಳಗೆ ಹೋಗಿ ಸುಮ್ನೆ ಕೂರಬಹುದು. ನನಗೆ ಗೊತ್ತಿರಲಿಲ್ಲ. ಯಾರೂ ತಡೆದಿರಲಿಲ್ಲ, ನಾನು ಕೇಳಿಯೂ ಇರಲಿಲ್ಲ. ಆಗ ನಾನು ಎಚ್-4, ಅಂದರೆ ಕೆಲಸಕ್ಕೆ ಬಂದವರ ಸಂಗಾತಿಗೆ ಕೊಡುವ ವೀಸಾದಲ್ಲಿ ಬಂದವಳು, ಕೆಲಸ ಇಲ್ಲ, ಸಂಬಳ ಇಲ್ಲ. ಅಂಥ ಕಟ್ಟಡ ಪ್ರೊಫೆಸರುಗಳಿಗೆ ಮತ್ತು ಮುತ್ತಿನ ಸರ ಹಾಕಿಕೊಂಡ ಅಜ್ಜಿಯರಿಗೆ ಅಂತ ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ.

ಇದಕ್ಕೊಂದು ಕಾರಣ ಇದೆ. ನಾನು ಮೈಸೂರಿನ ಒಂಟಿಕೊಪ್ಪಲಿನವಳು. ಎಂಟನೇ ಕ್ರಾಸಿನ ಗಣಪತಿ ಹಬ್ಬದ ಕಛೇರಿ ಗೊತ್ತಿರುವವರಿಗೆ ವಿವರಿಸಬೇಕಿಲ್ಲ. ಬೀದಿಗೇ ಚಪ್ಪರ ಹಾಕಿ, ದೊಡ್ಡ ದೊಡ್ಡ ವಿದ್ವಾಂಸರನ್ನು ಕೂರಿಸಿ ಹಾಡಿಸುತ್ತಾರೆ. ಕುರ್ಚಿ ಸಿಕ್ಕವರು ಕೂರುತ್ತಾರೆ, ಸಿಗದವರು ಕಾಂಪೌಂಡಿಗೆ ಒರಗುತ್ತಾರೆ. ಅಪ್ಪ ಸೈಕಲ್ ಸ್ಟ್ಯಾಂಡ್ ಹಾಕಿ, ಅದರ ಮೇಲೆ ನನ್ನನ್ನು ಕೂರಿಸಿ, ತಾವು ಪಕ್ಕದಲ್ಲಿ ನಿಂತು ತಾಳ ಹಾಕುತ್ತಿದ್ದರು. ನಮ್ಮಲ್ಲಿ ಸಂಗೀತವೇ ಬೀದಿಗೆ ಬರುತ್ತಿತ್ತು. ನಾವು ಬಾಗಿಲು ದೂಡಿಕೊಂಡು ಹೋಗಬೇಕಿರಲಿಲ್ಲ. ಇಲ್ಲಿ ಬಾಗಿಲು ದೂಡಬೇಕು. ಅಷ್ಟೇ ವ್ಯತ್ಯಾಸ, ಅದಕ್ಕೆ ಆರು ವರ್ಷ.

ಮೊದಲು ಒಳಗೆ ಹೋದವಳು ನಾನಲ್ಲ, ಮಗಳು. ಶಾಲೆಯವರು ಹಳದಿ ಬಸ್ಸಿನಲ್ಲಿ ಇಡೀ ತರಗತಿಯನ್ನು ಕರೆದುಕೊಂಡು ಹೋಗಿದ್ದರು. ಸಂಜೆ ಬಂದು, "ಅಮ್ಮಾ, ಅಲ್ಲಿ ಸೀಲಿಂಗ್ ಎಷ್ಟು ಎತ್ತರ ಗೊತ್ತಾ? ನೀನು ಹೋಗೇ ಇಲ್ವಾ?" ಅಂತ ಕೇಳಿದಳು. ಅವಳಿಗೆ ಏಳು ವರ್ಷ. ನಾಚಿಕೆ ಆಯಿತು.

ಹೋದ ಮೇಲೆ ಮಾಡಿದ ತಪ್ಪುಗಳನ್ನು ಹೇಳುತ್ತೇನೆ, ನೀವು ಹೊಸ ತಪ್ಪು ಮಾಡಿ.

ಮೊದಲನೆಯದು ಟೈಮು. ಟಿಕೆಟ್ ಮೇಲೆ ಏಳೂವರೆ ಅಂತ ಇದ್ದರೆ ನಮ್ಮ ಲೆಕ್ಕದಲ್ಲಿ ಏನು? ದೀಪ ಬೆಳಗುವುದು, ಸ್ವಾಗತ ಭಾಷಣ, ಮುಖ್ಯ ಅತಿಥಿಗಳು ದಾರಿಯಲ್ಲಿದ್ದಾರೆ, ಹೀಗೆ ಎಂಟು ಕಾಲು. ನಾವು ಏಳು ನಲವತ್ತಕ್ಕೆ ಹೋದೆವು, ಬೇಗ ಬಂದೆವು ಅಂತ ಬೀಗುತ್ತಾ. ಬಾಗಿಲು ಮುಚ್ಚಿತ್ತು. ಬಾಗಿಲಲ್ಲಿ ನಿಂತಿದ್ದ ಹಿರಿಯ ಹೆಂಗಸು ತುಂಬಾ ಮರ್ಯಾದೆಯಿಂದ, ಮೊದಲ ಕೃತಿ ಮುಗಿಯುವವರೆಗೆ ಕಾಯಬೇಕು ಅಂದರು. ಇಪ್ಪತ್ತು ನಿಮಿಷ ಬಾಗಿಲಿಗೆ ಒರಗಿ ನಿಂತೆವು. ದಪ್ಪ ಮರದ ಆ ಕಡೆಯಿಂದ ಪಿಟೀಲಿನ ದನಿ ಕಂಬಳಿ ಹೊದ್ದುಕೊಂಡ ಹಾಗೆ ಬರುತ್ತಿತ್ತು. ದುಡ್ಡು ಕೊಟ್ಟು ಹೊರಗೆ ನಿಂತು ಕೇಳಿದ್ದು ಜೀವನದಲ್ಲಿ ಅದೊಂದೇ ಸಲ. ಎಂಟನೇ ಕ್ರಾಸಿನಲ್ಲಾದರೂ ಪುಕ್ಕಟೆ. ಕಟ್ಟಡದ ಅಡಿಯಲ್ಲೇ ಪಾರ್ಕಿಂಗ್ ಇದೆ, ಆದರೆ ದೊಡ್ಡ ಕಾರ್ಯಕ್ರಮದ ದಿನ ಅಲ್ಲೂ ಸಾಲು. ಏಳಕ್ಕೇ ಅಲ್ಲಿರಿ.

ಎರಡನೆಯದು ಜಾಕೆಟ್ಟು. ಇದನ್ನು ಯಾರೂ ನಿಮ್ಮ ಮುಖಕ್ಕೆ ಹೇಳುವುದಿಲ್ಲ, ಹಾಗಾಗಿ ನಾನು ಹೇಳುತ್ತೇನೆ. ಅಪಾರ್ಟ್‌ಮೆಂಟಿನಲ್ಲಿ ಕೋಟು ನೇತುಹಾಕುವ ಕಪಾಟು ಅಡುಗೆಮನೆಗೆ ಅಂಟಿಕೊಂಡೇ ಇರುತ್ತದೆ. ಇಂಗಿನ ಒಗ್ಗರಣೆ ಚಟಪಟ ಅಂದ ತಕ್ಷಣ ಅದು ನೆಟ್ಟಗೆ ಕೋಟಿನೊಳಗೆ ಹೋಗಿ ಕೂರುತ್ತದೆ. ಚಳಿಗಾಲ ಪೂರ್ತಿ ಇಳಿಯುವುದಿಲ್ಲ. ಬೆಚ್ಚಗಿನ ಸಭಾಂಗಣದಲ್ಲಿ ಕೋಟು ಬಿಚ್ಚಿ ತೊಡೆ ಮೇಲೆ ಇಟ್ಟುಕೊಂಡಾಗ ನನಗೇ ಹುಳಿಯ ವಾಸನೆ ಬಂತು. ಹುಳಿ ಬಗ್ಗೆ ನನಗೆ ನಾಚಿಕೆ ಇಲ್ಲ, ಆದರೆ ಪಕ್ಕದವರು ಬೀತೋವನ್ ಕೇಳಲು ಬಂದಿದ್ದರು. ಒಗ್ಗರಣೆಗೆ ಮುಂಚೆ ಕಪಾಟಿನ ಬಾಗಿಲು ಹಾಕಿ. ಕೋಟುಗಳನ್ನು ಮಲಗುವ ಕೋಣೆಯಲ್ಲಿಟ್ಟರೆ ಇನ್ನೂ ವಾಸಿ.

ಕೋಡುಬಳೆಯ ಕಥೆ ಚಿಕ್ಕದು. ಬ್ಯಾಗಿನಲ್ಲಿ ಪೊಟ್ಟಣ ಇತ್ತು, ಮಗುವಿಗೆ ಹಸಿವಾಯಿತು, ಪ್ಲಾಸ್ಟಿಕ್ ಸದ್ದಾಯಿತು. ಎರಡು ಸಾವಿರ ಜನ ಹಿಡಿಸುವ ಹಾಲಿನಲ್ಲಿ ಒಂದು ಕೋಡುಬಳೆ ಮುರಿದರೆ ಎಷ್ಟು ದೂರ ಕೇಳುತ್ತದೆ ಅಂತ ನನಗೆ ಈಗ ಗೊತ್ತು.

ತಪ್ಪು ಆ ಹಾಲಿನದಲ್ಲ, ಅದನ್ನು ಕಟ್ಟಿರುವುದೇ ಹಾಗೆ. ಕ್ರಾನರ್ಟ್ ಬಾಗಿಲು ತೆರೆದದ್ದು 1969ರಲ್ಲಿ. ರಟ್ಟಿನ ಪೆಟ್ಟಿಗೆ ಮಾಡುವ ಕಂಪನಿ ಕಟ್ಟಿ ದುಡ್ಡು ಮಾಡಿದ ಹರ್ಮನ್ ಕ್ರಾನರ್ಟ್ ಮತ್ತು ಅವರ ಹೆಂಡತಿ ಎಲ್ನೋರಾ ಕೊಟ್ಟ ದಾನ ಅದು. ವಾಸ್ತುಶಿಲ್ಪಿ ಮ್ಯಾಕ್ಸ್ ಅಬ್ರಮೋವಿಟ್ಜ್ ಇದೇ ಯೂನಿವರ್ಸಿಟಿಯಲ್ಲಿ ಓದಿದವರು. ದೊಡ್ಡ ಹಾಲಿನ ಹೆಸರು ಫೆಲಿಂಗರ್ ಗ್ರೇಟ್ ಹಾಲ್. ಅದರ ಧ್ವನಿಯ ವ್ಯವಸ್ಥೆ ನೋಡಿಕೊಂಡವರು ಸಿರಿಲ್ ಹ್ಯಾರಿಸ್. ಸಿಂಫನಿಗೆ ಅಲ್ಲಿ ಮೈಕು ಬೇಕಿಲ್ಲ. 1972ರಲ್ಲಿ ಶಿಕಾಗೊ ಸಿಂಫನಿ ಎಂಬ ವಾದ್ಯವೃಂದದ ನಿರ್ದೇಶಕ ಜಾರ್ಜ್ ಸೋಲ್ಟಿ ತಮ್ಮ ಇಡೀ ತಂಡವನ್ನು ಈ ಜೋಳದ ಹೊಲಗಳ ನಡುವಿನ ಊರಿಗೆ ಕರೆತಂದು, ಬೀತೋವನ್ನನ ಒಂಬತ್ತನೇ ಸಿಂಫನಿಯನ್ನು ಇಲ್ಲೇ ರೆಕಾರ್ಡ್ ಮಾಡಿಸಿದರು. ಶಿಕಾಗೊದವರೇ ಎರಡೂವರೆ ಗಂಟೆ ದಾರಿ ಬಂದಿದ್ದಾರೆ, ನಾವು ನಾಲ್ಕು ಸ್ಟಾಪ್ ಹೋಗಲಿಲ್ಲ. ಟಿಕೆಟ್ ತೆಗೆಯುವಾಗ ನಮ್ಮವರು ಮುಂದಿನ ಸಾಲೇ ಬೇಕು ಅಂತಾರೆ, ಮದುವೆಮನೆ ಅಭ್ಯಾಸ. ಅಲ್ಲಿ ಕೂತರೆ ಪಿಟೀಲಿನವರ ಬೂಟು ಚೆನ್ನಾಗಿ ಕಾಣುತ್ತದೆ. ನನ್ನ ಕಿವಿಗೆ ಬಾಲ್ಕನಿಯೇ ಸೊಗಸು, ದುಡ್ಡೂ ಕಡಿಮೆ. ವಿದ್ಯಾರ್ಥಿಗಳಿಗಂತೂ ರಿಯಾಯಿತಿ ಇದೆ. ಕೌಂಟರಿನಲ್ಲಿ ಕೇಳಲು ಸಂಕೋಚ ಬೇಡ.

ಇನ್ನು ಚಪ್ಪಾಳೆ. ನಾವು ಚೆನ್ನಾಗಿದ್ದರೆ ತಕ್ಷಣ ಹೇಳುವ ಜನ. ಒಂದು ಸಂಗತಿ ಬಿದ್ದರೆ "ಭಲೇ" ಅಂತೀವಿ, ತಲೆ ಆಡಿಸ್ತೀವಿ. ನಾನು ಮೊದಲ ಭಾಗ ಮುಗಿದ ಕೂಡಲೇ ಜೋರಾಗಿ ಚಪ್ಪಾಳೆ ತಟ್ಟಿದೆ. ಒಬ್ಬಳೇ. ಮಗಳು ನನ್ನ ಕೈ ಹಿಡಿದು ಕೆಳಗಿಳಿಸಿದಳು. "ಇನ್ನೂ ಮೂರು ಇದೆ, ಅಮ್ಮಾ." ಗುಟ್ಟು ಇಷ್ಟೇ: ಕೈಗೆ ಕೊಡುವ ಪುಸ್ತಕದಲ್ಲಿ ಕೃತಿಯ ಹೆಸರಿನ ಕೆಳಗೆ ನಾಲ್ಕು ಸಾಲಿದ್ದರೆ ನಾಲ್ಕು ಭಾಗ, ನಾಲ್ಕೂ ಮುಗಿದ ಮೇಲೆ ಚಪ್ಪಾಳೆ. ಲೆಕ್ಕ ತಪ್ಪಿದರೆ ಕಂಡಕ್ಟರ್, ಅಂದರೆ ಮುಂದೆ ನಿಂತು ವಾದ್ಯದವರನ್ನು ನಡೆಸುವವರ ಕೈ ನೋಡಿ. ಕೈ ಪೂರ್ತಿ ಕೆಳಗಿಳಿದು ಅವರು ನಮ್ಮ ಕಡೆ ತಿರುಗಿದರೆ ಮುಗಿದಂತೆ. ಜಾಝ್ ಆದರೆ ಈ ಮಡಿ ಇಲ್ಲ, ಒಬ್ಬೊಬ್ಬರು ನುಡಿಸಿ ನಿಲ್ಲಿಸಿದಾಗಲೂ ತಟ್ಟಬಹುದು, ಕೂಗಬಹುದು. ನನಗೆ ಅಲ್ಲೇ ಉಸಿರಾಡಿದ ಹಾಗಾಗುತ್ತದೆ.

ಒಂದು ಮಾತು ಇಲ್ಲಿ ಹೇಳಲೇಬೇಕು. ಮೈಸೂರಿನವಳಾಗಿ ನನಗೆ ಇದೆಲ್ಲ ಹೊಸದಾಗಿದ್ದೇ ತಮಾಷೆ. ನಮ್ಮ ಜಯಚಾಮರಾಜ ಒಡೆಯರು ಪಾಶ್ಚಾತ್ಯ ಸಂಗೀತದ ಹುಚ್ಚು ಹತ್ತಿಸಿಕೊಂಡವರು, ಮೆಟ್ನರ್ ಎಂಬ ರಷ್ಯನ್ ಸಂಗೀತಗಾರನ ಕೃತಿಗಳ ರೆಕಾರ್ಡಿಗೆ ದುಡ್ಡು ಹಾಕಿದವರು, ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಗೆ ಮೊದಲ ಅಧ್ಯಕ್ಷರು. ನಮಗೆ ಮಹಾರಾಜರು ಅಂದರೆ ಜಂಬೂಸವಾರಿ ಮಾತ್ರ. ಅರಮನೆಯ ಊರಿನಲ್ಲೇ ಬೆಳೆದ ನಾವು ಈ ಸಂಗೀತವನ್ನು ಮೊದಲ ಸಲ ಕೇಳಿದ್ದು ಇಲ್ಲಿ, ಕೋಟಿನ ತುಂಬ ಇಂಗು ತುಂಬಿಕೊಂಡು.

ವರ್ಷದ ಲೆಕ್ಕ ಹೀಗೆ. ಸೆಪ್ಟೆಂಬರಿನಲ್ಲಿ ಶುರು, ಕಾಲೇಜು ಮುಗಿಯುವ ಮೇ ಹೊತ್ತಿಗೆ ಮುಗಿಯುತ್ತದೆ. ಆರ್ಕೆಸ್ಟ್ರಾ, ನೃತ್ಯ, ವಿದ್ಯಾರ್ಥಿಗಳ ನಾಟಕ, ಆಪೆರಾ, ಎಲ್ಲ ಬರುತ್ತದೆ. 2005ರಲ್ಲಿ ಒಂದು ಗಿಟಾರ್ ಹಬ್ಬ ಶುರುವಾಯಿತು, ಅದಕ್ಕೆ ಎಲ್ನೋರಾ ಹೆಸರೇ ಇಟ್ಟಿದ್ದಾರೆ. ಅದು ನಡೆಯುವ ವರ್ಷ ಬಂದಿದ್ದರೆ ನಿಮ್ಮ ಅದೃಷ್ಟ, ಲಾಬಿಯಲ್ಲೇ ಪುಕ್ಕಟೆ ಕೇಳುವುದು ಬೇಕಾದಷ್ಟು. ಸಂಗೀತ ವಿಭಾಗದ ಹುಡುಗರು ಡಿಗ್ರಿಗಾಗಿ ಕೊಡುವ ಕಛೇರಿಗಳಿಗೂ ಹೋಗಿ. ಹೆಚ್ಚಿನವಕ್ಕೆ ಟಿಕೆಟ್ಟೇ ಇರುವುದಿಲ್ಲ, ಕೇಳುವವರು ಹದಿನೈದು ಜನ, ಅದರಲ್ಲಿ ಹತ್ತು ಜನ ಸ್ನೇಹಿತರು. ಒಬ್ಬ ಅಪರಿಚಿತೆ ಬಂದು ಕೂತರೆ ಆ ಹುಡುಗರ ಮುಖ ಅರಳುವುದನ್ನು ನೋಡಬೇಕು.

ಚಿತ್ರ, ಶಿಲ್ಪ ನೋಡುವವರಿಗೆ ಬೇರೆ ಕಟ್ಟಡ ಇದೆ, ಕ್ರಾನರ್ಟ್ ಆರ್ಟ್ ಮ್ಯೂಸಿಯಂ. 1961ರಿಂದ ಇದೆ, ಒಳಗೆ ಹೋಗಲು ದುಡ್ಡು ಬೇಡ. ಎರಡಕ್ಕೂ ಒಂದೇ ಹೆಸರು ಅಂತ ನಾನು ಒಮ್ಮೆ ನಾಟಕದ ಟಿಕೆಟ್ ಹಿಡಿದು ಅಲ್ಲಿಗೆ ಹೋಗಿದ್ದೆ. ವಸಂತದಲ್ಲಿ ಅಲ್ಲಿ ಓದು ಮುಗಿಸುವ ವಿದ್ಯಾರ್ಥಿಗಳ ಪ್ರದರ್ಶನ ಇರುತ್ತದೆ. ಅರ್ಥ ಆಗಲಿಲ್ಲ ಅಂತ ಹೆದರಬೇಡಿ. ನಾನು ಒಂದು ಸಲ ಕಲಾಕೃತಿ ಅಂದುಕೊಂಡು ಐದು ನಿಮಿಷ ನೋಡಿದ್ದು ಗೋಡೆಯ ಮೇಲಿನ ತೇವಾಂಶ ಅಳೆಯುವ ಡಬ್ಬಿ. ಮುಟ್ಟಬೇಡಿ, ಅಷ್ಟೇ. ನಮಗೆ ಹಳೇಬೀಡಿನಲ್ಲಿ ಆನೆಯ ಸೊಂಡಿಲು ಸವರಿ ನೋಡಿ ಅಭ್ಯಾಸ, ಕೈ ತಾನಾಗಿ ಮುಂದೆ ಹೋಗುತ್ತದೆ.

ಈಗ ನಮ್ಮ ರಾಜ್ಯೋತ್ಸವಕ್ಕೆ ಮಗಳನ್ನು ಕರೆದುಕೊಂಡು ಹೋದರೆ ಇನ್ನೊಂದು ಫಜೀತಿ. ಮೂರು ಗಂಟೆ ಅಂದದ್ದು ನಾಲ್ಕೂವರೆಗೆ ಶುರು. ವೇದಿಕೆ ಮೇಲೆ ಮಕ್ಕಳು ಕುಣಿಯುತ್ತಿದ್ದರೆ ಹಿಂದೆ ನಾವೆಲ್ಲ ಬಿಸಿಬೇಳೆ ಬಾತು ಸಾಕಾಗುತ್ತೋ ಇಲ್ಲವೋ ಅಂತ ಚರ್ಚೆ. "ಯಾರೂ ಯಾಕೆ ಕೇಳಿಸಿಕೊಳ್ತಾ ಇಲ್ಲ?" ಅಂತಾಳೆ. ಅವಳು ಹೇಳುವುದು ಸರಿ. ಆದರೆ ಅದೇ ಹಾಲಿನಲ್ಲಿ ಮಗು ಅತ್ತರೆ ಯಾರೂ ತಿರುಗಿ ನೋಡುವುದಿಲ್ಲ. ಮೂರು ಜನ ಎತ್ತಿಕೊಳ್ಳಲು ಬರುತ್ತಾರೆ. ನಾನು ಸೈಕಲ್ಲಿನ ಮೇಲೆ ಕೂತು ಅಪ್ಪನ ಭುಜಕ್ಕೆ ಒರಗಿ ನಿದ್ದೆ ಹೋಗಿದ್ದೂ ಕಛೇರಿ ಕೇಳಿದ್ದೇ. ಕೇಳುತ್ತಾ ಮಲಗುವುದು ಅವಳಿಗೆ ಗೊತ್ತಿಲ್ಲ. ಬೆನ್ನು ನೆಟ್ಟಗೆ ಮಾಡಿ ಕೂತು, ಕೆಮ್ಮು ಬಂದರೆ ತಡೆದುಕೊಂಡು ಕೇಳಲು ಕಲಿತಿದ್ದಾಳೆ.

ಹೋದ ಅಕ್ಟೋಬರಿನಲ್ಲಿ ಅಪ್ಪ ಬಂದಿದ್ದರು. ಎಪ್ಪತ್ತೆಂಟು ವರ್ಷ. ಗ್ರೇಟ್ ಹಾಲಿಗೆ ಕರೆದುಕೊಂಡು ಹೋದೆ, ಬಾಲ್ಕನಿಗೆ. ಎಲ್ಲ ಪಾಠ ಹೇಳಿಯೇ ಕರೆದೊಯ್ದಿದ್ದೆ: ಮಾತಾಡಬೇಡಿ, ಮಧ್ಯೆ ಚಪ್ಪಾಳೆ ಬೇಡ, ಫೋನ್ ಬಂದ್ ಮಾಡಿ. ತಾಳದ ಬಗ್ಗೆ ಹೇಳುವುದು ಮರೆತಿದ್ದೆ. ಎರಡನೇ ಭಾಗದಲ್ಲಿ ಅವರ ಕೈ ತೊಡೆ ಮೇಲೆ ಬೀಳತೊಡಗಿತು. ಏಟು, ಬೆರಳು, ಬೆರಳು. ಸಿಂಫನಿ ಎಲ್ಲೋ ನಿಧಾನವಾಯಿತು, ಅಪ್ಪನ ತಾಳ ತಪ್ಪಿತು, ಅವರು ಮುಖ ಕಿವುಚಿಕೊಂಡು ಮತ್ತೆ ಶುರು ಮಾಡಿದರು. ಪಕ್ಕದ ಬಿಳಿ ಕೂದಲಿನ ಹೆಂಗಸು ಒಮ್ಮೆ ನೋಡಿದರು, ಇನ್ನೊಮ್ಮೆ ನೋಡಿದರು, ಆಮೇಲೆ ನಕ್ಕು ಸುಮ್ಮನಾದರು.

ಮುಗಿಯಿತು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಇಲ್ಲಿ ಎಲ್ಲದಕ್ಕೂ ಎದ್ದು ನಿಲ್ಲುತ್ತಾರೆ. ದೀಪ ಹತ್ತಿತು, ಸಾಲುಗಳು ಖಾಲಿಯಾದವು. ಅಪ್ಪ ಏಳಲಿಲ್ಲ.

"ನಡೀರಿ ಅಪ್ಪಾ."

"ಮಂಗಳ ಆಗಲಿಲ್ಲವಲ್ಲಮ್ಮ. ಮಂಗಳ ಆಗದೆ ಹೇಗೆ ಏಳೋದು?"

ಇಲ್ಲಿ ಮಂಗಳ ಇರುವುದಿಲ್ಲ ಅಂದೆ. ಅವರಿಗೆ ನಂಬಿಕೆ ಬರಲಿಲ್ಲ. ಕೆಳಗೆ ಒಬ್ಬ ಹುಡುಗ ಕುರ್ಚಿಗಳ ನಡುವೆ ಬಿದ್ದಿದ್ದ ಪುಸ್ತಕಗಳನ್ನು ಆರಿಸುತ್ತಿದ್ದ. ಅಪ್ಪ ಕಣ್ಣು ಮುಚ್ಚಿ, ತಾವೇ ಎರಡು ಸಾಲು ಗುನುಗಿದರು. ಜೋರಾಗಿ ಅಲ್ಲ, ಪೂಜೆ ಮನೆಯಲ್ಲಿ ಹೇಳಿಕೊಳ್ಳುವಷ್ಟು. ಆ ಹಾಲಿನಲ್ಲಿ ಅದು ಕೆಳಗಿನ ಹುಡುಗನಿಗೂ ಕೇಳಿತು, ಅವನು ಪುಸ್ತಕ ಹಿಡಿದುಕೊಂಡೇ ತಲೆ ಎತ್ತಿ ನಿಂತ.

ಮಗಳು ಚಪ್ಪಾಳೆ ತಟ್ಟಬೇಕಾ ಬೇಡವಾ ಅಂತ ನನ್ನ ಮುಖ ನೋಡಿದಳು.