ಸೂತ್ರ ಹಾಕುವ ಮುಂಚೆ ಚಿಹ್ನೆ ನೋಡಿ

ಟ್ಯೂಷನ್‌ಗೆ ಬರುವ ಹತ್ತನೇ ಕ್ಲಾಸಿನ ಮಕ್ಕಳಿಗೆ ವರ್ಗ ಸಮೀಕರಣ ಬಿಡಿಸುವಾಗ ನಾನು ಮೊದಲು ಹೇಳುವುದು: ಅವಸರ ಬೇಡ, ಎಲ್ಲವನ್ನೂ ಎಡಕ್ಕೆ ತನ್ನಿ. 2ಎಕ್ಸ್² = 5ಎಕ್ಸ್ + 3 ಎಂದಿದ್ದರೆ 2ಎಕ್ಸ್² − 5ಎಕ್ಸ್ − 3 = 0. ಈಗ ಇದನ್ನು ಎಎಕ್ಸ್² + ಬಿಎಕ್ಸ್ + ಸಿ = 0 ಜೊತೆ ಹೋಲಿಸಿದರೆ ಎ = 2, ಬಿ = −5, ಸಿ = −3. ಮೈನಸ್ ಸೇರಿಸಿಯೇ ಬರೆಯಿರಿ. ಮಾರ್ಕ್ಸ್ ಹೋಗುವುದೇ ಇಲ್ಲಿ. ಆಮೇಲೆ ಸೂತ್ರ:

ಎಕ್ಸ್ = [−ಬಿ ± √(ಬಿ² − 4ಎಸಿ)] / 2ಎ

ವರ್ಗಮೂಲದೊಳಗಿನ ಬಿ² − 4ಎಸಿ, ಅಂದರೆ ಶೋಧಕವನ್ನು, ಪಕ್ಕದಲ್ಲಿ ಬೇರೆಯಾಗಿ ಮಾಡಿ: (−5)² − 4×2×(−3) = 25 + 24 = 49. ಇದು ಋಣ ಬಂದರೆ ವಾಸ್ತವ ಮೂಲಗಳಿಲ್ಲ (ಮೂಲ ಎಂದರೆ ಸಮೀಕರಣಕ್ಕೆ ಹೊಂದುವ ಎಕ್ಸ್‌ನ ಬೆಲೆ), ಅಲ್ಲಿಗೇ ನಿಲ್ಲಿಸಿ. ಸೊನ್ನೆಯಾದರೆ ಎರಡೂ ಮೂಲ ಒಂದೇ. ನಮ್ಮದರ ವರ್ಗಮೂಲ 7.

ಎಕ್ಸ್ = (5 ± 7)/4, ಅಂದರೆ 3 ಮತ್ತು −1/2. ಭಾಗಾಕಾರದ ಗೆರೆಯನ್ನು −ಬಿ ಕೆಳಗಿನಿಂದಲೇ ಎಳೆಯಿರಿ. ಬರೀ ವರ್ಗಮೂಲದಡಿ ಎಳೆಯುವವರು ಪ್ರತಿ ವರ್ಷ ಸಿಗುತ್ತಾರೆ!

ತಾಳೆ ನೋಡಲು ಮೂಲಗಳನ್ನು ಕೂಡಿ. ಮೊತ್ತ −ಬಿ/ಎ, ಅಂದರೆ 5/2 ಬರಬೇಕು.